ಮನೆಗೊಂದೇ ಕಂಪ್ಯೂಟರ್, ಎಲ್ಲರಿಗೂ ಒಂದೇ ಬೀಗದ ಕೈ

2025ರ ದೀಪಾವಳಿಗೆ ಸಾಗರದ ಹತ್ತಿರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕೈಕಾಲು ತೊಳೆದು ಕೂರುವ ಮೊದಲೇ ಲ್ಯಾಪ್‌ಟಾಪ್ ಎದುರಿಗೆ ಬಂತು. "ನೀ ಬೆಂಗ್ಳೂರಲ್ಲಿ ಇದೇ ಕೆಲ್ಸ ಮಾಡ್ತೀಯಲ್ಲ ಮಾರಾಯ, ಇದಕ್ಕೇನಾಗಿದೆ ನೋಡು. ಅಡಿಕೆ ರೇಟು ನೋಡೋಣ ಅಂತ ತೆಗೆದ್ರೆ ಏನೇನೋ ಬರ್ತದೆ" ಎಂದರು ಚಿಕ್ಕಪ್ಪ. ಊರಿಗೆ ಹೋದ ಐಟಿಯವರಿಗೆಲ್ಲ ಈ ಮರ್ಯಾದೆ ಸಿಗುತ್ತದೆ.

ಪರದೆಯ ಬಲಮೂಲೆಯಲ್ಲಿ ಅರ್ಧ ನಿಮಿಷಕ್ಕೊಂದು ಚೀಟಿ ಮೇಲೇಳುತ್ತಿತ್ತು. ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಇಲ್ಲಿ ಒತ್ತಿ. ನಿಮ್ಮ ಆಂಟಿವೈರಸ್ ಮುಗಿದಿದೆ, ಇಲ್ಲಿ ಒತ್ತಿ. ಒಳಗೆ ನೋಡಿದರೆ ಮೂರು ಆಂಟಿವೈರಸ್ ಇದ್ದವು. ಎರಡರ ಅವಧಿ ಎಂದೋ ಮುಗಿದಿತ್ತು. ಹೆದರಿಸುತ್ತಿದ್ದ ಚೀಟಿಗಳು ಮಾತ್ರ ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ವೆಬ್‌ಸೈಟು "ನಿಮಗೆ ಸುದ್ದಿ ಕಳಿಸಲೇ?" ಎಂದು ಕೇಳಿದಾಗ ಯಾರೋ 'ಅಲೋ' (ಒಪ್ಪಿಗೆ) ಒತ್ತಿದ್ದರು, ಅಷ್ಟೇ. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಶನ್ ಪಟ್ಟಿಯಲ್ಲಿದ್ದ ಹೆಸರುಗಳನ್ನೆಲ್ಲ ಅಳಿಸಿದೆ. ಎರಡು ನಿಮಿಷದ ಕೆಲಸ. ಚಿಕ್ಕಪ್ಪನಿಗೆ ಭಾರಿ ಖುಷಿ. ಕಾಫಿ ಬಂತು.

ಆಮೇಲೆ ನನ್ನ ಖುಷಿ ಇಳಿಯಿತು. ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಖಾತೆ. ಹೆಸರು ಅಡ್ಮಿನ್. ಪಾಸ್‌ವರ್ಡ್ ಇಲ್ಲ. ಚಿಕ್ಕಪ್ಪ ಅದರಲ್ಲೇ ಪಹಣಿ ತೆಗೆಯುತ್ತಾರೆ. ಸೊಸೆ ಅದರಲ್ಲೇ ಬ್ಯಾಂಕ್ ನೋಡುತ್ತಾಳೆ. ಏಳನೇ ಕ್ಲಾಸಿನ ಮೊಮ್ಮಗ ಅದರಲ್ಲೇ ಗೇಮ್ ಆಡುತ್ತಾನೆ. ಇದನ್ನು ಹೀಗೆ ಮಾಡಿಟ್ಟ ಮಹಾನುಭಾವ ಯಾರು ಎಂದು ಕೇಳುವ ಹಾಗಿರಲಿಲ್ಲ. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ, ಹುಡುಗನ ಆನ್‌ಲೈನ್ ಕ್ಲಾಸಿಗೆ ಅವಸರವಾಗಿದೆಯೆಂದು ಅದನ್ನು ಸಿದ್ಧ ಮಾಡಿ ಕೊಟ್ಟವನು ನಾನೇ.

ದೇಶದ ಜನ ಸೈಬರ್ ವಂಚನೆಯಲ್ಲಿ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಇದು ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ. ಒಂದೇ ವರ್ಷದಲ್ಲಿ ಮೂರು ಪಟ್ಟು. ಆ ಒಂದು ವರ್ಷದಲ್ಲಿ ನಮ್ಮ ಕಂಪ್ಯೂಟರುಗಳೇನೂ ಮೂರು ಪಟ್ಟು ದುರ್ಬಲವಾಗಿಲ್ಲ. ಹಾಗಾದರೆ ಕಳ್ಳ ಒಳಗೆ ಬರುತ್ತಿರುವುದು ಎಲ್ಲಿಂದ? ಆ ಮನೆಯಲ್ಲಿ ಎರಡು ದಿನ ಇದ್ದು ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಯಂತ್ರದೊಳಗೆ ನಾವು ಎಲ್ಲರ ಸಾಮಾನನ್ನೂ ಒಂದೇ ಗಂಟು ಕಟ್ಟಿ ಇಟ್ಟಿದ್ದೇವೆ. ಮನೆಯೊಳಗೆ ಮಾತ್ರ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಒಬ್ಬರಿಗೊಬ್ಬರು ಹೇಳದೆ ಕೂತಿದ್ದೇವೆ. ಇರಬೇಕಾದದ್ದು ತಿರುಗಾಮುರುಗಾ.

ಮೊದಲು ಯಂತ್ರದ ವಿಷಯ. ಅಡ್ಮಿನಿಸ್ಟ್ರೇಟರ್ ಖಾತೆ ಅಂದರೆ ಮನೆಯ ಪೂರ್ತಿ ಬೀಗದ ಕೈಗೊಂಚಲು. ಹೊಸ ಪ್ರೋಗ್ರಾಂ ಹಾಕುವಾಗ ವಿಂಡೋಸ್ "ಇದು ಬದಲಾವಣೆ ಮಾಡಬಹುದೇ?" ಎಂದು ಕೇಳುತ್ತದೆ. ಅಡ್ಮಿನ್ ಖಾತೆಯಲ್ಲಿದ್ದರೆ 'ಯೆಸ್' ಒತ್ತಿದರೆ ಮುಗಿಯಿತು. ಆ ಪ್ರಶ್ನೆಯನ್ನು ಓದಿ ಒತ್ತುವವರು ಎಷ್ಟು ಜನ? ನಾನೂ ಓದುವುದಿಲ್ಲ. ಅದೇ ಸ್ಟ್ಯಾಂಡರ್ಡ್ ಖಾತೆಯಲ್ಲಿದ್ದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಹನ್ನೆರಡು ವರ್ಷದ ಹುಡುಗ ಅಲ್ಲಿ ನಿಂತು, ಎದ್ದು ಹೋಗಿ ಅಮ್ಮನನ್ನು ಕೇಳಬೇಕಾಗುತ್ತದೆ. ಆ ಎದ್ದು ಹೋಗುವ ಎರಡು ನಿಮಿಷವೇ ದೊಡ್ಡ ಕಾವಲು.

ಹಾಗಾಗಿ ನಾಲ್ಕು ಖಾತೆ ಮಾಡಿದೆ. ಅಡ್ಮಿನ್ ಒಂದು, ಅದಕ್ಕೆ ಉದ್ದದ ಪಾಸ್‌ವರ್ಡ್, ದಿನದ ಕೆಲಸಕ್ಕೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಉಳಿದ ಮೂರು ಚಿಕ್ಕಪ್ಪನಿಗೆ, ಸೊಸೆಗೆ, ಹುಡುಗನಿಗೆ. ದುಡ್ಡು ಖರ್ಚಿಲ್ಲ. ಅರ್ಧ ಗಂಟೆ ಹಿಡಿಯಿತು, ಅದರಲ್ಲೂ ಹೆಚ್ಚಿನ ಹೊತ್ತು ಹೋದದ್ದು ಹುಡುಗ ತನ್ನ ಖಾತೆಗೆ ಚಿತ್ರ ಆರಿಸುವುದಕ್ಕೆ.

ಅದೊಂದು ಹಳೇ ಲ್ಯಾಪ್‌ಟಾಪ್. ಒಳಗಿರುವುದು ವಿಂಡೋಸ್ 10. 2015ರಲ್ಲಿ ಬಂದ ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಅಂದೇ ನಿಂತುಹೋಗುವುದಿಲ್ಲ. ಹೊಸ ತೂತು ಕಂಡಾಗ ಹಾಕುವ ತೇಪೆ ಬರುವುದಿಲ್ಲ, ಅಷ್ಟೇ. ಈ 'ಅಷ್ಟೇ' ಎಷ್ಟು ದುಬಾರಿ ಅನ್ನೋದಕ್ಕೆ 2017ರ ವಾನಾಕ್ರೈ ದಾಳಿ ನೆನಪಿಸಿಕೊಳ್ಳಬಹುದು. ಆ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ್ದರು. ಬ್ರಿಟನ್ನಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲೇ, ತೇಪೆ ಕೊಟ್ಟಿತ್ತು. "ಅಪ್‌ಡೇಟ್ ಮಾಡಿದ್ರೆ ಸ್ಲೋ ಆಗುತ್ತೆ" ಎಂದು ಮುಂದೂಡಿದವರ ಮನೆಗೇ ಅದು ಬಂತು.

ವಿಂಡೋಸ್ 11 ಹಾಕೋಣವೆಂದರೆ ಹಳೇ ಯಂತ್ರಗಳು ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು. ಮನೆಬಳಕೆಯವರಿಗೆ ಒಂದು ದಾರಿ ಇದೆ. ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ಮುಂದುವರಿಸಿಕೊಳ್ಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಅದಕ್ಕೆ ದುಡ್ಡಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಆ ಕೊಂಡಿ ಕಾಣುತ್ತದೆ. ಚಿಕ್ಕಪ್ಪನ ಯಂತ್ರಕ್ಕೆ ಅದನ್ನೇ ಮಾಡಿದೆ. ಮೂರು ಆಂಟಿವೈರಸ್ಸುಗಳನ್ನೂ ಕಿತ್ತು ಹಾಕಿ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆನ್ ಮಾಡಿದೆ. ನನ್ನ ಪ್ರಕಾರ ಸಾಮಾನ್ಯ ಮನೆಗೆ ಅದು ಸಾಕು. ಒಂದಕ್ಕಿಂತ ಜಾಸ್ತಿ ಹಾಕಿದರೆ ಅವುಗಳೊಳಗೇ ಜಗಳ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮೂರ ಅಂಗಡಿಗಳಲ್ಲಿ "ಐನೂರು ಕೊಡಿ, ವಿಂಡೋಸ್, ಆಫೀಸ್ ಎಲ್ಲಾ ಹಾಕಿ ಕೊಡ್ತೀವಿ" ಎನ್ನುತ್ತಾರಲ್ಲ, ಅದನ್ನು ಲೈಸೆನ್ಸ್ ಇಲ್ಲದೆ ಚಾಲೂ ಮಾಡುವ ಕ್ರ್ಯಾಕ್ ಎಂಬ ಕಳ್ಳ ಪ್ರೋಗ್ರಾಂ ಓಡಬೇಕಾದರೆ ಸಾಮಾನ್ಯವಾಗಿ ಡಿಫೆಂಡರನ್ನು ಆಫ್ ಮಾಡಬೇಕು. ಕಾವಲು ನಾಯಿಯನ್ನು ಕಟ್ಟಿಹಾಕಿ ಅಪರಿಚಿತನನ್ನು ಒಳಗೆ ಕರೆದ ಹಾಗೆ. ಎಷ್ಟೋ ಮನೆಗಳಲ್ಲಿ ಆ ನಾಯಿಯನ್ನು ಆಮೇಲೆ ಬಿಚ್ಚಿಯೇ ಇರುವುದಿಲ್ಲ.

ಆ ಮೂಲೆಯ ಚೀಟಿಗಳು ಬಂದದ್ದು ಹೇಗೆ ಎಂದು ಹುಡುಕಿದಾಗ ಸಿಕ್ಕಿದ್ದು ಕನ್ನಡ ಟೈಪಿಂಗ್. ದೇವಸ್ಥಾನದ ಸಮಿತಿಗೆ ಕನ್ನಡದಲ್ಲಿ ಪತ್ರ ಬರೆಯಬೇಕಿತ್ತಂತೆ. ಚಿಕ್ಕಪ್ಪ ಗೂಗಲ್‌ನಲ್ಲಿ ಕನ್ನಡ ಸಾಫ್ಟ್‌ವೇರ್ ಹುಡುಕಿದ್ದರು. ಇಂಥ ಹುಡುಕಾಟದಲ್ಲಿ ಸಿಗುವ ಕೆಲವು ಪುಟಗಳಲ್ಲಿ ಡೌನ್‌ಲೋಡ್ ಎಂಬ ಹಸಿರು ಗುಂಡಿಗಳು ನಾಲ್ಕೈದು ಇರುತ್ತವೆ. ಒಂದು ನಿಜವಾದದ್ದು, ಉಳಿದವು ಜಾಹೀರಾತು. ನಿಜವಾದದ್ದು ಯಾವಾಗಲೂ ಎಲ್ಲಕ್ಕಿಂತ ಚಿಕ್ಕದು. ಅರ್ಜಿ ಬರೆಯಲು, ಡಿಟಿಪಿ ಕಲಿಯಲು, ಪರೀಕ್ಷೆಗೆ ಅಭ್ಯಾಸ ಮಾಡಲು ಕನ್ನಡ ಸಾಫ್ಟ್‌ವೇರ್ ಹುಡುಕುವ ಮನೆಗಳಿಗೆ ಇದು ನಿಜವಾದ ಬಾಗಿಲು. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬೇಕಾದವರು ಅದನ್ನು ಮಾಡಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದ ತೆಗೆದುಕೊಳ್ಳಬೇಕು, ನಾಲ್ಕನೇ ಕೈಯಿಂದಲ್ಲ. ಸುಮ್ನೆ ಪತ್ರ ಬರೆಯುವವರಿಗೆ ಏನೂ ಇಳಿಸಿಕೊಳ್ಳುವುದೇ ಬೇಡ. 2019ರ ಅಪ್‌ಡೇಟಿನಿಂದಲೂ ವಿಂಡೋಸ್ 10ರಲ್ಲೇ ಇಂಗ್ಲಿಷ್ ಅಕ್ಷರದ ಉಚ್ಚಾರದಲ್ಲೇ ಕನ್ನಡ ಹೊಡೆಯುವ ಫೊನೆಟಿಕ್ ಕೀಬೋರ್ಡ್ ಇದೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ಇದನ್ನು ತೋರಿಸಿದಾಗ ಚಿಕ್ಕಪ್ಪ "ಇಷ್ಟು ದಿನ ಇದು ಇದರೊಳಗೇ ಇತ್ತಾ?" ಎಂದು ಬೆಪ್ಪಾದರು.

ಮೊಮ್ಮಗನ ಡೌನ್‌ಲೋಡುಗಳು ಇನ್ನೂ ಗಂಭೀರ. ಗೇಮಿನಲ್ಲಿ ಪುಕ್ಕಟೆ ನಾಣ್ಯ ಸಿಗುವ ಮಾಡ್ (ಗೇಮನ್ನು ತಿದ್ದುವ ಫೈಲು) ಎಂದು ಒಂದು ವಿಡಿಯೊ ಕೆಳಗಿನ ಕೊಂಡಿಯಿಂದ ಜಿಪ್ ಫೈಲು ಇಳಿಸಿದ್ದ. ಜೊತೆಗೆ ಸೂಚನೆ: ಆಂಟಿವೈರಸ್ ಆಫ್ ಮಾಡಿ, ಜಿಪ್‌ನ ಪಾಸ್‌ವರ್ಡ್ 1234. ಈ ಪಾಸ್‌ವರ್ಡ್ ಯಾಕೆ ಗೊತ್ತಾ? ಫೈಲಿಗೆ ಬೀಗ ಇದ್ದರೆ ದಾರಿಯಲ್ಲಿ ತಪಾಸಣೆ ಮಾಡುವ ಸ್ಕ್ಯಾನರುಗಳು ಒಳಗೆ ಇಣುಕಲಾರವು. ಪುಣ್ಯಕ್ಕೆ ಅವನಿಗೆ ಆಂಟಿವೈರಸ್ ಆಫ್ ಮಾಡಲು ಬಂದಿರಲಿಲ್ಲ.

ಇಂಥ ಫೈಲುಗಳಲ್ಲಿ ಅಡಗಿರುವುದನ್ನು ಇನ್‌ಫೊ ಸ್ಟೀಲರ್ ಎನ್ನುತ್ತಾರೆ. ಅದು ಕಂಪ್ಯೂಟರನ್ನು ಕೆಡಿಸುವುದಿಲ್ಲ, ಸ್ಲೋ ಮಾಡುವುದೂ ಇಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕುಕಿಗಳನ್ನೂ ಗಂಟು ಕಟ್ಟಿಕೊಂಡು ಕೆಲವೇ ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತದೆ. ಕುಕಿ ಅಂದರೆ, ವಸ್ತುಪ್ರದರ್ಶನದಲ್ಲಿ ಒಮ್ಮೆ ಟಿಕೆಟ್ ತೋರಿಸಿ ಒಳಗೆ ಹೋದ ಮೇಲೆ ಕೈಗೆ ಮುದ್ರೆ ಒತ್ತುತ್ತಾರಲ್ಲ, ಅದು. ಹೊರಗೆ ಹೋಗಿ ಬಂದರೆ ಮುದ್ರೆ ತೋರಿಸಿದರೆ ಸಾಕು, ಮತ್ತೆ ಟಿಕೆಟ್ ಕೇಳುವುದಿಲ್ಲ. ಆ ಮುದ್ರೆಯನ್ನೇ ನಕಲು ಮಾಡಿಕೊಂಡವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಸೊಸೆಯ ಜಿಮೇಲ್ ಹೀಗೆ ಹೋಗಿಬಿಡಬಹುದಿತ್ತು. ಜಿಮೇಲ್ ಹೋದರೆ ಅದರ ಮೂಲಕ ಪಾಸ್‌ವರ್ಡ್ ಬದಲಾಯಿಸಬಹುದಾದ ಉಳಿದ ಖಾತೆಗಳೂ ಹೋದ ಹಾಗೆ.

ಒಂದು ಸೂಕ್ಷ್ಮವಿದೆ. ಸ್ಟ್ಯಾಂಡರ್ಡ್ ಖಾತೆ ಇದ್ದರೂ ಇಂಥದ್ದು ಆ ಖಾತೆಯವರ ಸ್ವಂತ ಬ್ರೌಸರನ್ನು ದೋಚಬಹುದು. ಅದಕ್ಕೆ ಅಡ್ಮಿನ್ ಅಧಿಕಾರ ಬೇಕಿಲ್ಲ. ಆದರೆ ಹುಡುಗನ ಖಾತೆಯಲ್ಲಿ ದೋಚಲು ಸಿಗುವುದು ಅವನ ಗೇಮಿನ ನಾಣ್ಯ. ಅಮ್ಮನ ಬ್ಯಾಂಕು ಪಕ್ಕದ ಖಾತೆಯಲ್ಲಿ, ಬೇರೆ ಬಾಗಿಲ ಹಿಂದೆ. ಖಾತೆ ಬೇರೆ ಮಾಡುವುದರ ನಿಜವಾದ ಲಾಭ ಇದು. ಅಕಸ್ಮಾತ್ ಇಂಥ ಫೈಲು ಓಡಿಯೇಬಿಟ್ಟಿದೆ ಎಂದು ಗೊತ್ತಾದರೆ, ಅದೇ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸಬಾರದು. ಬೇರೆ ಶುದ್ಧ ಯಂತ್ರದಿಂದ ಬದಲಿಸಿ, "ಎಲ್ಲ ಕಡೆಯಿಂದ ಲಾಗ್‌ಔಟ್" ಮಾಡಬೇಕು. ಆಗ ಹಳೇ ಮುದ್ರೆಗಳೆಲ್ಲ ರದ್ದಾಗುತ್ತವೆ.

ಪಾಸ್‌ವರ್ಡುಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ನನ್ನ ಆಫೀಸಿನವರಿಗೆ ಇಷ್ಟವಾಗಲಿಕ್ಕಿಲ್ಲ. ವಯಸ್ಸಾದವರು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟುಕೊಳ್ಳಲಿ. ಸಾವಿರ ಮೈಲಿ ದೂರ ಕೂತ ಕಳ್ಳನಿಗೆ ಚಿಕ್ಕಮ್ಮನ ಬೀರು ತೆಗೆಯಲಾಗುವುದಿಲ್ಲ. ಮೊಮ್ಮಗನ ಹೆಸರಿನ ಮುಂದೆ 123 ಸೇರಿಸಿ ಎಲ್ಲ ಕಡೆಗೂ ಅದನ್ನೇ ಕೊಡುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಯುಪಿಐ ಪಿನ್ ಮಾತ್ರ ಅಲ್ಲೂ ಬರೆಯುವುದು ಬೇಡ.

ಇನ್ನು ರೌಟರ್. ಟಿವಿ ಮೇಲೆ ಮಲ್ಲಿಗೆ ಹಾರದ ಪಕ್ಕ ಮಿಣುಕುತ್ತಾ ಕೂತಿತ್ತು. ಕನೆಕ್ಷನ್ ಕೊಡಲು ಬಂದ ಹುಡುಗ ವೈಫೈಗೆ ಚಿಕ್ಕಪ್ಪನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ಆ ನಂಬರು ಸೊಸೈಟಿಯಿಂದ ಹಿಡಿದು ಹಾಲಿನ ಡೈರಿವರೆಗೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಪಾಸ್‌ವರ್ಡ್, ರೌಟರಿನ ಒಳಗಿನ ಪುಟದ್ದು. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದೆ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಬಾಗಿಲು ತೆರೆಯಿತು. ಅಲ್ಲಿಗೆ ಹೋದವರು ಬ್ಯಾಂಕಿನ ವಿಳಾಸ ಹೊಡೆದರೆ ಬೇರೆಲ್ಲಿಗೋ ಹೋಗುವ ಹಾಗೆ ಮನೆಯವರ ದಾರಿಯನ್ನೇ ತಿರುಗಿಸಲು ನೋಡಬಹುದು.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮಾಡಿದ್ದು ಇಷ್ಟೇ. ಅರವತ್ತರ ಆಸುಪಾಸಿನ ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಜಗತ್ತಿನ ಕ್ಯಾಮೆರಾ, ರೌಟರುಗಳ ಬಾಗಿಲು ಬಡಿಯಿತು. ತೆರೆದವನ್ನೆಲ್ಲ ತನ್ನ ಸೈನ್ಯಕ್ಕೆ ಸೇರಿಸಿಕೊಂಡಿತು. ಆ ಅಕ್ಟೋಬರ್ 21ರಂದು ಅಂಥ ಉಪಕರಣಗಳೇ ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಕುಂಟುವಂತೆ ಮಾಡಿದವು. ಯಾರದೋ ಮನೆಯ ಕ್ಯಾಮೆರಾಕ್ಕೆ ತಾನು ಯುದ್ಧದಲ್ಲಿದ್ದೇನೆಂದು ಗೊತ್ತೂ ಇರಲಿಲ್ಲ.

ಮಲೆನಾಡಿನಲ್ಲಿ ಅಡಿಕೆ ಕಳ್ಳರ ಭಯಕ್ಕೆ ಅಂಗಳಕ್ಕೊಂದು ಸಿಸಿಟಿವಿ ಹಾಕಿಸುತ್ತಿದ್ದಾರೆ. ಚಿಕ್ಕಪ್ಪನ ಮನೆಯಲ್ಲೂ ಎರಡು ಇವೆ. ಹಾಕಿಸಿದವರಿಗೆ ಮೊಬೈಲಿನಲ್ಲಿ ಚಿತ್ರ ಬಂದರೆ ಸಾಕು. ಕಾರ್ಖಾನೆ ಪಾಸ್‌ವರ್ಡ್ ಹಾಗೇ ಇರುತ್ತದೆ. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಕಳ್ಳನಿಗೇ ತೋರಿಸುವ ಕ್ಯಾಮೆರಾ ಯಾರಿಗೆ ಬೇಕು? ಕ್ಯಾಮೆರಾ ಪಾಸ್‌ವರ್ಡ್ ಬದಲಿಸಿದೆ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಎಂದು ಇನ್ನೊಂದು ವೈಫೈ ಮಾಡಬಹುದು. ಕ್ಯಾಮೆರಾ, ಟಿವಿ, ಬಂದ ನೆಂಟರು ಎಲ್ಲ ಅದರಲ್ಲಿ. ಮನೆಯವರ ಲ್ಯಾಪ್‌ಟಾಪ್, ಮೊಬೈಲ್ ಇನ್ನೊಂದರಲ್ಲಿ. ಜಗಲಿ ಬೇರೆ, ಒಳಮನೆ ಬೇರೆ.

ಫೋಟೊಗಳ ಒಂದು ನಕಲು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇರಲಿ, ಮತ್ತು ನಕಲು ಮಾಡಿಕೊಂಡ ಮೇಲೆ ಅದನ್ನು ಕಿತ್ತು ಇಡಿ. ಚುಚ್ಚಿಯೇ ಇದ್ದರೆ ವಾನಾಕ್ರೈ ಥರದ್ದು ಅದಕ್ಕೂ ಬೀಗ ಹಾಕುತ್ತದೆ. ಯಂತ್ರದ ವಿಷಯ ಇಷ್ಟಕ್ಕೆ ಸಾಕು. ಯಾಕೆಂದರೆ ಆ ಮನೆಯಲ್ಲಿ ನಿಜವಾಗಿ ಹಣ ಹೋದದ್ದು ಲ್ಯಾಪ್‌ಟಾಪಿನಿಂದ ಅಲ್ಲ.

ರಾತ್ರಿ ಊಟವಾದ ಮೇಲೆ ಚಿಕ್ಕಮ್ಮ ಅಡುಗೆಮನೆಗೆ ಕರೆದರು. ಬಾಗಿಲು ಸ್ವಲ್ಪ ಮುಂದೆ ಮಾಡಿದರು. "ನಿನ್ನ ಚಿಕ್ಕಪ್ಪಂಗೆ ಹೇಳ್ಬೇಡ. ಎರಡು ತಿಂಗಳ ಹಿಂದೆ ನನ್ನ ದುಡ್ಡು ಹೋಯ್ತು." ಮೊದಲ ದಿನ 18,400, ಮರುದಿನ 22,000. ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಲೈನ್ ತೆಗೆಯುತ್ತೇವೆ ಎಂದು ಮೆಸೇಜ್. ಅದರಲ್ಲಿದ್ದ ನಂಬರಿಗೆ ಮಾಡಿದರೆ ನಯವಾಗಿ ಮಾತಾಡಿದ ಒಬ್ಬ "ಬಿಲ್ ಅಪ್‌ಡೇಟ್ ಮಾಡ್ಕೊಳ್ಳಿ ಅಮ್ಮಾ" ಎಂದು ವಾಟ್ಸಾಪಿನಲ್ಲಿ ಒಂದು ಫೈಲು ಕಳಿಸಿದ. ಎಪಿಕೆ ಫೈಲು, ಅಂದರೆ ಆಂಡ್ರಾಯ್ಡ್ ಮೊಬೈಲಿಗೆ ಆಪ್ ಹಾಕುವ ಫೈಲು. ಅದನ್ನು ಹಾಕಿಕೊಂಡು, ಕೇಳಿದ್ದಕ್ಕೆಲ್ಲ 'ಅಲೋ' ಕೊಟ್ಟು, ಹತ್ತು ರೂಪಾಯಿ ಕಟ್ಟಲು ಕಾರ್ಡಿನ ನಂಬರು, ಹಿಂದಿನ ಮೂರು ಅಂಕಿ ಎಲ್ಲ ಬರೆದಿದ್ದಾರೆ.

"ಆದ್ರೆ ಓಟಿಪಿ ನಾನು ಯಾರಿಗೂ ಹೇಳಿಲ್ಲ ಕಣೋ. ದೇವರಾಣೆ." ಚಿಕ್ಕಮ್ಮ ಸುಳ್ಳು ಹೇಳುವವರಲ್ಲ. ಅವರು ನಿಜವಾಗಿಯೂ ಹೇಳಿರಲಿಲ್ಲ. ಆ ಆಪ್ ಕೇಳಿದ ಅನುಮತಿಗಳಲ್ಲಿ ಎಸ್ಸೆಮ್ಮೆಸ್ ಓದುವುದೂ ಒಂದು. ಬ್ಯಾಂಕಿನಿಂದ ಒಟಿಪಿ ಬಂದ ಕೂಡಲೇ ಅದು ಸದ್ದಿಲ್ಲದೆ ಕಳ್ಳನಿಗೆ ಕಳಿಸಿತು. ಮರುದಿನವೂ ಕಳಿಸಿತು, ಯಾಕೆಂದರೆ ಆಪ್ ಮೊಬೈಲಿನಲ್ಲೇ ಇತ್ತು.

ಇಲ್ಲಿ ನನಗೆ ಒಂದು ತಕರಾರಿದೆ. ವರ್ಷಗಟ್ಟಲೆ ನಾವು ಜನಕ್ಕೆ ಒಂದೇ ಮಾತು ಹೇಳಿಕೊಟ್ಟಿದ್ದೇವೆ: ಒಟಿಪಿ ಯಾರಿಗೂ ಹೇಳಬೇಡಿ. ಜನ ಅದನ್ನು ಚೆನ್ನಾಗಿ ಕಲಿತರು. ಕಳ್ಳರು ಮುಂದಕ್ಕೆ ಹೋದರು. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಆಧಾರ್ ಪಾವತಿ ವ್ಯವಸ್ಥೆಯಿಂದ ಹಣ ತೆಗೆದ ಪ್ರಕರಣಗಳು ಬಂದವು. ಅಲ್ಲಿ ಒಟಿಪಿಯ ಮಾತೇ ಇಲ್ಲ, ಬೆರಳು ಮತ್ತು ಆಧಾರ್ ನಂಬರ್ ಇದ್ದರೆ ಸಾಕು. ಅದಕ್ಕೆ ಮದ್ದು ಆಧಾರ್‌ನ ಅಧಿಕೃತ ಆಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡುವುದು, ಅಂದರೆ ಬೆರಳಚ್ಚಿಗೆ ಬೀಗ ಹಾಕುವುದು. ಎಪಿಕೆಗೆ ಮದ್ದು ಇನ್ನೂ ಸುಲಭ. ವಾಟ್ಸಾಪಿನಲ್ಲಿ ಬಂದ ಆಪ್ ಹಾಕಿಕೊಳ್ಳಲೇಬಾರದು. ಮದುವೆ ಕರೆಯೋಲೆ ಎಂದು ಬರಲಿ, ಗಾಡಿಯ ದಂಡದ ಚಲನ್ ಎಂದು ಬರಲಿ, ಪಿಎಂ ಕಿಸಾನ್ ಎಂದು ಬರಲಿ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಆಪ್ ಆಗಿ ಬರುವುದಿಲ್ಲ. ಕಳಿಸಿದವರು ಸ್ವಂತ ಅಣ್ಣನೇ ಆಗಿದ್ದರೂ ಅನುಮಾನ ಇರಲಿ. ಅವನ ವಾಟ್ಸಾಪ್ ಬೇರೆ ಯಾರದೋ ಕೈಯಲ್ಲಿರಬಹುದು.

ಚಿಕ್ಕಮ್ಮ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಬೈತಾರೆ, ಸೊಸೆ ಏನಂದುಕೊಳ್ತಾಳೋ ಎಂಬ ಭಯ. ಐದನೇ ದಿನ ಒಬ್ಬರೇ ಬ್ಯಾಂಕಿಗೆ ಹೋದರೆ "ಒಟಿಪಿ ಇಲ್ಲದೆ ಹಣ ಹೋಗೋದಿಲ್ಲ, ನೀವೇ ಕೊಟ್ಟಿರಬೇಕು" ಎಂದು ಕಳಿಸಿದರಂತೆ. ಆ ನಾಲ್ಕು ದಿನದ ಬೆಲೆಯನ್ನು ಲೆಕ್ಕ ಹಾಕಬಹುದು. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ, ಆಗ ಜಾರಿಯಲ್ಲಿದ್ದ ಸುತ್ತೋಲೆ ಹೀಗಿತ್ತು. ಗ್ರಾಹಕರ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಮೂರನೆಯವರು ನುಗ್ಗಿ ಹಣ ತೆಗೆದಿದ್ದಾರೆ ಎಂದಾದರೆ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಒಂದು ಮಿತಿಯವರೆಗೆ ನಷ್ಟ ಹೊರಬೇಕಿತ್ತು. ಗ್ರಾಹಕರ ಅಜಾಗ್ರತೆಯಿಂದ ಹೋದದ್ದಾದರೆ ತಿಳಿಸುವವರೆಗಿನ ನಷ್ಟ ಅವರದ್ದೇ. ಆದರೆ ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಮೇಲೆ. ಅಂದರೆ ಎಲ್ಲ ತಪ್ಪೂ ಚಿಕ್ಕಮ್ಮನದೇ ಎಂದುಕೊಂಡರೂ, ಮೊದಲ ದಿನ ಸಂಜೆಯೇ ಬ್ಯಾಂಕಿಗೆ ಒಂದು ಫೋನ್ ಮಾಡಿದ್ದರೆ ಮರುದಿನದ 22,000 ಅವರದಾಗಿ ಉಳಿಯುತ್ತಿತ್ತು.

ಅದರ ಜೊತೆಗೇ ಇನ್ನೊಂದು ಫೋನ್ ಮಾಡಬೇಕಾದದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಕದ್ದ ಹಣ ಒಂದು ಕಡೆ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಯಾರ್ಯಾರದೋ ಖಾತೆಗಳಿಗೆ, ಒಂದರಿಂದ ಇನ್ನೊಂದಕ್ಕೆ, ಹಂಚಿಹೋಗಿ ಕೊನೆಗೆ ಎಟಿಎಂನಿಂದ ನಗದಾಗಿ ಹೊರಬರುತ್ತದೆ. 1930ಕ್ಕೆ ದೂರು ಹೋದರೆ ಆ ಸರಪಳಿಯಲ್ಲಿರುವ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿ, ಹಣ ಎಲ್ಲಿ ಸಿಕ್ಕಿತೋ ಅಲ್ಲಿ ತಡೆಹಿಡಿಯುತ್ತಾರೆ. ಹಣ ಇನ್ನೂ ಖಾತೆಯೊಳಗೆ ಇದ್ದರೆ ಮಾತ್ರ ಇದು ನಡೆಯುತ್ತದೆ. ಅದಕ್ಕೇ ಪೊಲೀಸರು ಮೊದಲ ಗಂಟೆಯನ್ನು ಚಿನ್ನದ ಗಂಟೆ ಎನ್ನುವುದು. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ದೂರು ಕೊಡಬಹುದು. ಮೊದಲು ಠಾಣೆ ಹುಡುಕಿಕೊಂಡು ಹೊರಟರೆ ಅಷ್ಟರಲ್ಲಿ ಹಣ ಮೂರು ರಾಜ್ಯ ದಾಟಿರುತ್ತದೆ.

ಕಳ್ಳರಿಗೆ ಈ ಮೌನದ ಬೆಲೆ ಚೆನ್ನಾಗಿ ಗೊತ್ತು. ಡಿಜಿಟಲ್ ಅರೆಸ್ಟ್ ಎಂಬ ನಾಟಕ ಪೂರ್ತಿ ನಿಂತಿರುವುದೇ ಅದರ ಮೇಲೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ ಎಂದು ಶುರುವಾಗುತ್ತದೆ. ವಿಡಿಯೊ ಕರೆಯಲ್ಲಿ ಖಾಕಿ ಬಟ್ಟೆಯವನು ಬರುತ್ತಾನೆ. ಅವನ ಮೊದಲ ಆಜ್ಞೆ ಹಣ ಕೊಡು ಎಂದಲ್ಲ. ರೂಮಿನ ಬಾಗಿಲು ಹಾಕಿಕೊಳ್ಳಿ, ಮನೆಯವರಿಗೆ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ ಎಂಬುದು. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಇಂಥದೊಂದು ಕರೆಯ ಧ್ವನಿಯನ್ನು ಕೇಳಿಸಿದ್ದರು. ಅದು ನಮ್ಮ ವಿಜಯಪುರದವರಿಗೆ ಬಂದ ಕರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ಅಲ್ಲೇ ಹೇಳಿದರು. ಹೇಳಿ ಒಂದು ವರ್ಷವಾದ ಮೇಲೆ, 2025ರ ನವೆಂಬರಿನಲ್ಲಿ, ಬೆಂಗಳೂರಿನ ಐಟಿ ಉದ್ಯೋಗಿ ಮಹಿಳೆಯೊಬ್ಬರು ಸುಮಾರು 32 ಕೋಟಿ ಕಳೆದುಕೊಂಡ ಸುದ್ದಿ ಬಂತು. ಹಣ ಹೋದದ್ದು ಒಂದೇ ಸಲಕ್ಕಲ್ಲ, 187 ಸಲ. ತಿಂಗಳುಗಟ್ಟಲೆ. ಮರುತಿಂಗಳು ಸುಪ್ರೀಂ ಕೋರ್ಟ್ ಈ ಜಾಲದ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಕಂಪ್ಯೂಟರ್ ತಿಳಿದವರಿಗೇ ಹೀಗಾದರೆ ಉಳಿದವರ ಗತಿಯೇನು ಎಂದು ಜನ ಕೇಳುತ್ತಾರೆ. ಪ್ರಶ್ನೆಯೇ ತಪ್ಪು ಅನಿಸುತ್ತದೆ ನನಗೆ. ಅಲ್ಲಿ ಕೆಲಸಕ್ಕೆ ಬರುವುದು ಕಂಪ್ಯೂಟರ್ ಜ್ಞಾನವಲ್ಲ. ಪಕ್ಕದ ರೂಮಿನಲ್ಲಿ ಒಬ್ಬರು ಇದ್ದು, ಅವರನ್ನು ಕೂಗಿ "ಇದೇನು ನೋಡು" ಎನ್ನುವ ಧೈರ್ಯ ಇದ್ದರೆ ಆ ನಾಟಕ ಹೆಚ್ಚು ಹೊತ್ತು ನಡೆಯುವುದಿಲ್ಲ. ಕೂಗಿದರೆ ಬೈಗುಳ ಸಿಗುತ್ತದೆ ಎಂದು ಗೊತ್ತಿದ್ದರೆ ಯಾರು ಕೂಗುತ್ತಾರೆ?

ಮಕ್ಕಳ ವಿಷಯವೂ ಇದೇ ದಾರಿಯದು. ಗೂಗಲ್ ಫ್ಯಾಮಿಲಿ ಲಿಂಕ್, ಮೈಕ್ರೋಸಾಫ್ಟ್ ಫ್ಯಾಮಿಲಿ ಎರಡೂ ಪುಕ್ಕಟೆ. ಎಷ್ಟು ಹೊತ್ತು, ಯಾವ ಆಪ್ ಎಂದು ಹದ್ದುಬಸ್ತಿನಲ್ಲಿ ಇಡಬಹುದು. ರೌಟರಿನಲ್ಲಿ, ತಾಣಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಂಬ ಜಾಗದಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಎಂದು ಹಾಕಿದರೆ ಅಶ್ಲೀಲ ತಾಣಗಳು, ಗೊತ್ತಿರುವ ಕೇಡಿನ ತಾಣಗಳು ಬಹುಮಟ್ಟಿಗೆ ತೆರೆಯುವುದಿಲ್ಲ. ಹನ್ನೆರಡರ ಹುಡುಗನಿಗೆ ಇವೆಲ್ಲ ಸರಿ, ಅವನಿಗೆ ಹೇಳಿಯೇ ಹಾಕಿದರೆ. ಕದ್ದು ಮೊಬೈಲ್ ನೋಡುವುದು, ಗುಟ್ಟಾಗಿ ಬೇಹುಗಾರಿಕೆ ಆಪ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಯಾರೋ ಅವನ ಫೋಟೊ ಇಟ್ಟುಕೊಂಡು ಹೆದರಿಸಿದರೆ, ಅವನು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೇಳಬೇಕಾದದ್ದು ಇದೇ ಅಪ್ಪ ಅಮ್ಮನಿಗೆ.

ಮರುದಿನ ಬೆಳಿಗ್ಗೆ ಚಿಕ್ಕಮ್ಮನೇ ಚಿಕ್ಕಪ್ಪನಿಗೆ ವಿಷಯ ಹೇಳಿದರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋದ ವರ್ಷ ಆ ಟವರ್ ಹಾಕ್ತೀವಿ ಅಂತ ಬಂದವ್ನಿಗೆ ನಾನೂ ಐದು ಸಾವಿರ ಕಳ್ಸಿದ್ದೆ" ಎಂದರು. ಸೊಸೆಗೆ ನಗು ತಡೆಯಲಾಗಲಿಲ್ಲ. ಕ್ಯಾಲೆಂಡರಿನ ಮೇಲುಗಡೆ ದಪ್ಪಕ್ಷರದಲ್ಲಿ 1930 ಎಂದು ಬರೆದಿಟ್ಟರು. ಈಗ ದನಿಯನ್ನೂ ನಕಲು ಮಾಡಿ "ಅಮ್ಮಾ, ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸು" ಎನ್ನುತ್ತಾರೆ ಎಂದು ಹೇಳಿದ್ದಕ್ಕೆ ಚಿಕ್ಕಮ್ಮ ತಾವೇ ಉಪಾಯ ಹೇಳಿದರು. ದುಡ್ಡು ಕೇಳಿ ಯಾರೇ ಫೋನ್ ಮಾಡಲಿ, ಕೊಟ್ಟಿಗೆಯ ಕರುವಿನ ಹೆಸರು ಕೇಳುವುದು. ಅದು ಫೇಸ್‌ಬುಕ್ಕಿನಲ್ಲಿ ಇಲ್ಲ. (ಇಲ್ಲಿಯೂ ಬರೆಯುವುದಿಲ್ಲ.)

ನಾನು ಬ್ಯಾಗು ಕಟ್ಟುವ ಹೊತ್ತಿಗೆ ಪಕ್ಕದ ಮನೆಯ ಹುಡುಗ ಅಂಗಳದಲ್ಲಿ ನಿಂತಿದ್ದ. "ಅಣ್ಣಾ, ನಿನ್ನೆಯಿಂದ ನಿಮ್ಮನೆ ನೆಟ್ ಬರ್ತಿಲ್ಲ. ಏನಾದ್ರೂ ಪ್ರಾಬ್ಲಂ ಆಗಿದೆಯಾ?" ಅವನ ಹಿಂದೆ ಇನ್ನೂ ಇಬ್ಬರಿದ್ದರು. ಚಿಕ್ಕಪ್ಪ ನನ್ನ ಮುಖ ನೋಡಿದರು. ಜಗಲಿಯ ವೈಫೈ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು ಬಸ್ಸಿಗೆ ಓಡಿದೆ.